ಪಿಚ್ಚರ್‌ದಾಗಿನ ಸರ್ ವಾಡಿಗೆ ಬರಲಿಲ್ಲ

2023ರ ದೀಪಾವಳಿಗೆ ಊರಿಗೆ ಹೋಗಿದ್ದೆ. ಊರು ಅಂದರೆ ವಾಡಿ ಜಂಕ್ಷನ್ನಿನಲ್ಲಿ ಇಳಿದು, ಆಟೋ ಹಿಡಿದು, ಸಿಮೆಂಟ್ ಫ್ಯಾಕ್ಟರಿಯ ಚಿಮಣಿಯನ್ನು ಬೆನ್ನಿಗೆ ಹಾಕಿ ಇಪ್ಪತ್ತು ನಿಮಿಷ ಹೋದರೆ ಸಿಗುವ ಹಳ್ಳಿ. ದಾರಿಯುದ್ದಕ್ಕೂ ಪರಸಿ ಕಲ್ಲಿನ ಗಣಿಗಳು. ಪಾಡ್ಯದ ಮಧ್ಯಾಹ್ನ ಹೋಳಿಗೆ ಉಂಡು ಎಲ್ಲರೂ ಟಿವಿ ಮುಂದೆ ಅಡ್ಡಾಗಿದ್ದಾಗ ಯಾವುದೋ ಚಾನೆಲ್‌ನಲ್ಲಿ 'ತಾರೇ ಜಮೀನ್ ಪರ್' ಬಂತು. ನಮ್ಮ ಕಡೆ ಹಿಂದಿ ಪಿಚ್ಚರ್ ತಿಳಿಯೋಕೆ ಯಾರಿಗೂ ಕಷ್ಟ ಇಲ್ಲ, ಅರ್ಧ ಊರು ಮನೆಯಲ್ಲಿ ಉರ್ದು ಮಾತಾಡುತ್ತೆ, ಇನ್ನರ್ಧ ಬೀದಿಯಲ್ಲಿ ಮಾತಾಡುತ್ತೆ. ಅವ್ವ, ಅಕ್ಕ, ಭಾವ, ನನ್ನ ತಮ್ಮ, ಅಕ್ಕನ ಒಂಬತ್ತು ವರ್ಷದ ಮಗ, ಎಲ್ಲರೂ ಕೊನೆತನಕ ನೋಡಿದೆವು.

ಪಿಚ್ಚರ್ ಮುಗಿದ ಮೇಲೆ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು: "ತಮ್ಮಾ, ನಮ್ ಹುಡುಗಂದೂ ಇದೇ ಕಥಿ ಅದ ನೋಡು. ಈ ಸರ್ ನಮ್ ಸಾಲಿಗಿ ಯಾವಾಗ ಬರ್ತಾರ?"

ಎಲ್ಲರೂ ನಕ್ಕರು. ಹುಡುಗ ನಗಲಿಲ್ಲ. ಸಂಜೆ ಪಟಾಕಿ ಹಚ್ಚುವಾಗ ನನ್ನ ಹತ್ತಿರ ಬಂದು, "ಮಾಮಾ, ಆ ಹುಡುಗನ್ ಕಣ್ಮುಂದ ಅಕ್ಷರ ಕುಣಿತಾವಲ್ಲ, ನನಗ ಕುಣಿಯಲ್ಲ. ಸುಮ್ ನಿಂತಿರ್ತಾವ. ಆದ್ರ ತಮ್ ಹೆಸ್ರು ಏನಂತ ಹೇಳಲ್ಲ" ಅಂದ.

ನಾಲ್ಕನೇ ಕ್ಲಾಸಿನ ಹುಡುಗ ಮಾಡಿದ ಈ ವಿಮರ್ಶೆಯ ಮುಂದೆ ನಾನು ಇಲ್ಲಿ ಬರೆಯೋದೆಲ್ಲ ಬರೀ ವಿವರಣೆ.

ಆ ಚಿತ್ರ ಬಿಡುಗಡೆಯಾದದ್ದು 2007ರ ಡಿಸೆಂಬರ್ 21ಕ್ಕೆ. ನಾನಾಗ ಕಲಬುರಗಿಯಲ್ಲಿ ಬಿಇ ಓದುತ್ತಿದ್ದೆ, ಊರಿನ ಹೆಸರು ಆಗಿನ್ನೂ ಗುಲಬರ್ಗಾ. ಹಾಸ್ಟೆಲಿನ ಐದು ಜನ ಹೋಗಿ ನೋಡಿ, ಐದೂ ಜನ ಅತ್ತು, ಹೊರಗೆ ಬಂದು ಒಬ್ಬರ ಮುಖ ಒಬ್ಬರು ನೋಡದೆ ಚಹಾ ಕುಡಿದಿದ್ದೆವು. ನನಗೆ ಅಳು ಬಂದದ್ದಕ್ಕೆ ಕಾರಣ ಬೇರೆ ಇತ್ತು. ನನಗಿಂತ ಎರಡು ವರ್ಷ ಚಿಕ್ಕವನಾದ ತಮ್ಮ ಅಷ್ಟರಲ್ಲಾಗಲೇ ಒಂಬತ್ತನೇ ಕ್ಲಾಸಿಗೆ ಸಾಲಿ ಬಿಟ್ಟು ವಾಡಿಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಸೇರಿದ್ದ. ಅವನಿಗೆ ಓದೋಕೆ ಬರುತ್ತಿರಲಿಲ್ಲ. ಬರುತ್ತಿರಲಿಲ್ಲ ಅಂದರೆ ಬರುತ್ತಲೇ ಇರಲಿಲ್ಲ. ಮಾಸ್ತರು 'ಕ್ವಾಣ' ಅಂದರು, ಅಪ್ಪ 'ಸೋಮಾರಿ' ಅಂದ. ನಾನು? ನಾನು ಫಸ್ಟ್ ರ‍್ಯಾಂಕಿನವನಾಗಿ ಅವನ ಪಕ್ಕ ಕೂತು ಓದುತ್ತಿದ್ದೆ, ಅದೇ ಸಾಕಿತ್ತು ಅವನಿಗೆ. ಚಿತ್ರದಲ್ಲಿ ಇಶಾನ್‌ನ ಅಣ್ಣ ಎಲ್ಲದರಲ್ಲೂ ಮೊದಲು ಬರುವ ಹುಡುಗ. ಥಿಯೇಟರಿನ ಕತ್ತಲಲ್ಲಿ ನಾನು ಇಶಾನ್‌ನನ್ನ ನೋಡಿ ಅತ್ತೆ ಅಂತ ಎಲ್ಲರೂ ಅಂದುಕೊಂಡರು. ನಾನು ನೋಡುತ್ತಿದ್ದದ್ದು ಆ ಅಣ್ಣನನ್ನ.

ಹಾಗಾಗಿ ಆ ಚಿತ್ರಕ್ಕೆ ನಾನು ಋಣಿ. 2007ರಲ್ಲಿ ಕಲಿಕೆಯ ತೊಂದರೆ ನಮ್ಮ ದೇಶದ ಅಂಗವಿಕಲರ ಕಾಯ್ದೆಯಲ್ಲಿ ಇರಲೇ ಇಲ್ಲ, 1995ರ ಹಳೇ ಕಾಯ್ದೆಯ ಪಟ್ಟಿಯಲ್ಲಿ ಇದ್ದದ್ದು ಏಳೇ ವಿಧ. ಅಂಥ ಹೊತ್ತಿನಲ್ಲಿ 'ಡಿಸ್ಲೆಕ್ಸಿಯಾ' ಅನ್ನೋ ಪದವನ್ನ ಆಮೀರ್ ಖಾನ್ ಮತ್ತು ಕಥೆ ಬರೆದ ಅಮೋಲ್ ಗುಪ್ತೆ ಮನೆಮನೆಗೆ ತಲುಪಿಸಿದರು. ಓದೋಕೆ ಬಾರದ್ದು ಕೊಬ್ಬಲ್ಲ, ದಡ್ಡತನವೂ ಅಲ್ಲ ಅಂತ ಒಂದು ಸಿನಿಮಾ ಅಷ್ಟು ಗಟ್ಟಿಯಾಗಿ ಹೇಳಿದ್ದು ದೊಡ್ಡ ಕೆಲಸ.

ಆದರೆ ಎರಡನೇ ಸಲ, ಅಕ್ಕನ ಮಗನ ಪಕ್ಕ ಕೂತು ನೋಡಿದಾಗ ಮೂರು ವಿಷಯ ಮುಳ್ಳಿನಂತೆ ಚುಚ್ಚಿದವು.

ಒಂದು, ಇಡೀ ಚಿತ್ರದಲ್ಲಿ ಪರೀಕ್ಷೆಯೇ ಇಲ್ಲ. ಶಾಲೆಯ ಪರೀಕ್ಷೆಯ ಮಾತಲ್ಲ, ಈ ಮಗುವಿಗೆ ಏನು ತೊಂದರೆ ಅಂತ ಪತ್ತೆ ಮಾಡುವ ಪರೀಕ್ಷೆ. ಡ್ರಾಯಿಂಗ್ ಮೇಷ್ಟ್ರು ನಿಕುಂಭ್ ಇಶಾನ್‌ನ ನೋಟ್‌ಬುಕ್ ತಿರುವುತ್ತಾರೆ. ಬಿ-ಡಿ ಅದಲುಬದಲು, ಉಲ್ಟಾ ಅಕ್ಷರ, ಒಂದೇ ಪದಕ್ಕೆ ಬೇರೆ ಬೇರೆ ಸ್ಪೆಲ್ಲಿಂಗ್. ಆಯ್ತು, ಗೊತ್ತಾಯ್ತು. ಅವರಿಗೆ ಹೇಗೆ ಗೊತ್ತಾಯ್ತು ಅಂದರೆ ಅವರೂ ಚಿಕ್ಕವರಿದ್ದಾಗ ಹಾಗೇ ಇದ್ದರು. ಅಂದರೆ ಮಗುವಿನ ಪುಣ್ಯ ಚೆನ್ನಾಗಿದ್ದರೆ, ಅದೇ ಕಾಯಿಲೆ ಅನುಭವಿಸಿದ, ಆಮೀರ್ ಖಾನ್‌ನಷ್ಟು ಸುಂದರವಾದ ಒಬ್ಬ ಮೇಷ್ಟ್ರು ಬರುತ್ತಾರೆ. ಇಲ್ಲದಿದ್ದರೆ ಇಲ್ಲ. ಅಕ್ಕ ಕೇಳಿದ್ದು ಅದನ್ನೇ.

ಎರಡು, ಕುಣಿಯುವ ಅಕ್ಷರ. ಅಕ್ಷರ ಉಲ್ಟಾ ಬರೆಯೋದು ಡಿಸ್ಲೆಕ್ಸಿಯಾದ ಮುದ್ರೆ ಅಂತ ಈ ಚಿತ್ರ ನೋಡಿದ ಅರ್ಧ ದೇಶ ನಂಬಿಬಿಟ್ಟಿದೆ. ಹೊಸದಾಗಿ ಬರೆಯೋಕೆ ಕಲಿಯುವ ಎಷ್ಟೋ ಮಕ್ಕಳು ಉಲ್ಟಾ ಬರೆಯುತ್ತವೆ, ತಾವಾಗಿಯೇ ಸರಿಹೋಗುತ್ತವೆ. ತಜ್ಞರು ಹೇಳುವಂತೆ ಮುಖ್ಯ ತೊಂದರೆ ಕಣ್ಣಿನದಲ್ಲ, ಮಾತಿನ ಸದ್ದನ್ನು ಬಿಡಿಸಿ ಅದನ್ನ ಅಕ್ಷರಕ್ಕೆ ಜೋಡಿಸುವ ಕಡೆಯದು. ಅಕ್ಷರ ಸುಮ್ಮನೇ ನಿಂತಿರುತ್ತೆ, ಹೆಸರು ಹೇಳಲ್ಲ. ನಮ್ಮ ಹುಡುಗ ಹೇಳಿದ್ದೇ ಸರಿ.

ಮೂರನೆಯದು ದೊಡ್ಡದು. ಇಶಾನ್ ಮನೆಯಲ್ಲಿ ಓದೊಂದು ಬಿಟ್ಟು ಎಲ್ಲಾ ಇದೆ. ದಿನಾ ಹೋಂವರ್ಕ್ ಮಾಡಿಸೋ ಅಮ್ಮ, ದುಡಿಯೋ ಅಪ್ಪ, ಪುಸ್ತಕ, ವಿಷಯಕ್ಕೊಬ್ಬ ಮೇಷ್ಟ್ರು, ತಪ್ಪದೇ ನಡೆಯೋ ಶಾಲೆ. ಇಷ್ಟೆಲ್ಲಾ ಇದ್ದೂ ಓದು ಬರುತ್ತಿಲ್ಲ ಅಂದಮೇಲೆ ಉಳಿಯೋದು ಒಂದೇ ಕಾರಣ. ಚಿತ್ರಕಥೆ ಉಳಿದೆಲ್ಲ ಕಾರಣಗಳನ್ನ ಮೊದಲೇ ಗುಡಿಸಿ ಹೊರಗೆ ಹಾಕಿಬಿಟ್ಟಿದೆ. ವಾಡಿಯಲ್ಲಿ ಹಾಗೆ ಗುಡಿಸೋಕಾಗಲ್ಲ.

ಇದು ನನಗೆ ಅರ್ಥವಾದದ್ದು ಮುಂದಿನ ಜನವರಿಯಲ್ಲಿ. ಅಕ್ಕನ ಮಗನನ್ನ ಬೆಂಗಳೂರಿಗೆ ಕರೆಸಿಕೊಂಡು ಒಂದು ಕೇಂದ್ರಕ್ಕೆ ಪರೀಕ್ಷೆಗೆ ಕರೆದೊಯ್ದೆ. ಪರೀಕ್ಷೆ ಮಾಡಿದ ಮೇಡಂ ಒಳ್ಳೆಯವರು, ಮೈಸೂರು ಕಡೆಯ ಕನ್ನಡ. ಹುಡುಗನ ಜೊತೆ ಅರ್ಧ ಗಂಟೆ ಬರೀ ಹರಟೆ ಹೊಡೆದು ಅವನ ಹೆದರಿಕೆ ಬಿಡಿಸಿದರು. ಆಮೇಲೆ ಚಿತ್ರ ತೋರಿಸಿ ಹೆಸರು ಕೇಳಿದರು. ಈರುಳ್ಳಿಗೆ ಅವನು "ಉಳ್ಳಾಗಡ್ಡಿ" ಅಂದ, ಮೊಟ್ಟೆಗೆ "ತತ್ತಿ" ಅಂದ. ಅವರು ಒಂದು ಕ್ಷಣ ತಡೆದು, ನಕ್ಕು, ಸರಿ ಗುರುತು ಹಾಕಿದರು. ನಂತರ ಇಪ್ಪತ್ತು ಪದಗಳ ಉಕ್ತಲೇಖನ. ಹನ್ನೊಂದು ತಪ್ಪು.

ಆ ಹಾಳೆಯನ್ನ ನಾನು ಫೋಟೋ ತೆಗೆದುಕೊಂಡು ರಾತ್ರಿ ಕೂತು ನೋಡಿದೆ. ಕೆಲಸದಲ್ಲಿ ದಿನಾ ಬಗ್ ಹುಡುಕುವವನು ನಾನು, ತಪ್ಪುಗಳನ್ನ ಗುಂಪು ಮಾಡೋದು ಅಭ್ಯಾಸ. ಮೊದಲ ಐದು ಹೀಗಿದ್ದವು: ಮನೆಗೆ 'ಮನಿ', ಆನೆಗೆ 'ಆನಿ', ಕೆರೆಗೆ 'ಕೆರಿ', ಎಲೆಗೆ 'ಎಲಿ', ಗೋಡೆಗೆ 'ಗ್ವಾಡಿ'.

ಇವು ತಪ್ಪಾ? ಪುಸ್ತಕದ ಪ್ರಕಾರ ತಪ್ಪು. ಆದರೆ ನಮ್ಮ ಕಡೆ ಪದದ ಕೊನೆಯ 'ಎ' ಬಾಯಲ್ಲಿ 'ಇ' ಆಗುತ್ತೆ. ಅವನು ತನ್ನ ಕಿವಿಗೆ ಗೊತ್ತಿರುವ ಪದವನ್ನ, ಒಂದು ಸದ್ದೂ ತಪ್ಪದೆ, ಸರಿಯಾದ ಅಕ್ಷರದಲ್ಲಿ ಬರೆದಿದ್ದಾನೆ. 'ಗ್ವಾಡಿ' ಬರೆಯೋಕೆ 'ಗೋಡೆ'ಗಿಂತ ಹೆಚ್ಚು ಬುದ್ಧಿ ಬೇಕು, ಅಲ್ಲೊಂದು ಒತ್ತಕ್ಷರವೇ ಇದೆ! ಸದ್ದನ್ನ ಅಕ್ಷರಕ್ಕೆ ಜೋಡಿಸೋದು ಡಿಸ್ಲೆಕ್ಸಿಯಾ ಇರುವವರಿಗೆ ಕಷ್ಟ ಅಂತಾದರೆ, ಈ ಐದು ಪದಗಳು ಅವನಿಗೆ ಆ ಶಕ್ತಿ ಇದೆ ಅನ್ನೋದಕ್ಕೆ ಸಾಕ್ಷಿ. ಹಾಳೆ ಮಾತ್ರ ಅವನ್ನ ತೊಂದರೆಯ ಲೆಕ್ಕಕ್ಕೆ ಸೇರಿಸಿತ್ತು.

ಇಷ್ಟಕ್ಕೇ ನಿಲ್ಲಿಸಿ, "ನೋಡಿ, ಬೆಂಗಳೂರಿನ ಪರೀಕ್ಷೆ ನಮ್ಮ ಭಾಷೆಗೆ ಅನ್ಯಾಯ ಮಾಡಿತು" ಅಂತ ಬರೆದಿದ್ದರೆ ಲೈಕ್ ಬರ್ತಿದ್ದವು. ಆದರೆ ಉಳಿದ ಆರು ಪದಗಳಿವೆ. ಹಬ್ಬಕ್ಕೆ 'ಹಬ', ಎತ್ತಿಗೆ 'ಎತು', ಮಕ್ಕಳಿಗೆ 'ಮಕಳು', ಚಂದ್ರನಿಗೆ 'ಚದರ', ಅಕ್ಷರಕ್ಕೆ 'ಅಕಶರ', ರಸ್ತೆಗೆ 'ರಸತಿ'. ಇವು ಯಾವ ಊರಿನ ಕನ್ನಡವೂ ಅಲ್ಲ. ಒತ್ತಕ್ಷರ ಬಂದಲ್ಲೆಲ್ಲ ಅವನು ಎಡವಿದ್ದಾನೆ. ಕೊನೆಯ 'ರಸತಿ'ಯಲ್ಲಿ ಎರಡೂ ಕಥೆ ಒಟ್ಟಿಗಿವೆ: 'ಸ್ತ' ಒಡೆದದ್ದು ನಿಜವಾದ ತೊಂದರೆ, 'ತೆ' ಹೋಗಿ 'ತಿ' ಆದದ್ದು ನಮ್ಮೂರು. ನಾಲ್ಕನೇ ಕ್ಲಾಸಿನಲ್ಲಿ ಇನ್ನೂ ಹೀಗೆ ಬರೆಯೋದು ಚಿಂತೆಯ ವಿಷಯವೇ. ನನ್ನ ತಮ್ಮನೂ ಹೀಗೇ ಬರೆಯುತ್ತಿದ್ದ.

ಹನ್ನೊಂದರಲ್ಲಿ ಐದು ಒಂದು ಬಗೆ, ಆರು ಇನ್ನೊಂದು ಬಗೆ. ಹಾಳೆ ಎರಡನ್ನೂ ಕೂಡಿಸಿ ಒಂದೇ ಅಂಕಿ ಕೊಟ್ಟಿತು.

ಎರಡನೇ ದಿನ ಮೇಡಂ ಶಾಲೆಯ ಬಗ್ಗೆ ಕೇಳಿದರು. ಒಂದು, ಎರಡನೇ ಕ್ಲಾಸಲ್ಲಿ ಪಾಠ ಸರಿಯಾಗಿ ಆಗಿತ್ತಾ? ಅವನು ಒಂದನೇ ಕ್ಲಾಸಿಗೆ ಸೇರಿದ್ದು 2020ರಲ್ಲಿ. ಕರ್ನಾಟಕದಲ್ಲಿ ಒಂದರಿಂದ ಐದನೇ ತರಗತಿಗಳ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಅಷ್ಟೊತ್ತಿಗೆ ಅವನು ಎರಡನೇ ಕ್ಲಾಸಿನ ನಡುವೆ ಇದ್ದ. ಆನ್‌ಲೈನ್ ಪಾಠಕ್ಕೆ ಮನೆಯಲ್ಲಿದ್ದ ಒಂದೇ ಫೋನು ಭಾವನ ಜೊತೆ ಗಣಿಗೆ ಹೋಗುತ್ತಿತ್ತು. ಆಮೇಲಾದರೂ ಐದು ಕ್ಲಾಸಿಗೆ ಇಬ್ಬರೇ ಟೀಚರು. ಪಕ್ಕದಲ್ಲಿ ಕೂರುವ ತಾಂಡಾದ ಹುಡುಗನ ಮನೆಮಾತು ಲಂಬಾಣಿ, ಮುಂದಿನ ಹುಡುಗಿಯದು ಉರ್ದು. ಟೀಚರಮ್ಮ ಯಾರಿಗಂತ ಕಲಿಸಬೇಕು?

ಮೇಡಂ ಪೆನ್ನು ಕೆಳಗಿಟ್ಟು ಹೇಳಿದರು: "ಹಾಗಾದ್ರೆ ನಾನು ಗ್ಯಾರಂಟಿಯಾಗಿ ಏನೂ ಹೇಳೋಕಾಗಲ್ಲ ಸರ್. ಕಲಿಸದೇ ಇದ್ದಿದ್ದಕ್ಕೂ ಕಲಿಯೋಕಾಗದೇ ಇರೋದಕ್ಕೂ ಈ ಹಾಳೆ ಮೇಲೆ ವ್ಯತ್ಯಾಸ ಕಾಣಲ್ಲ."

ನನಗೆ ಆ ದಿನ ಸಿಟ್ಟು ಬಂತು. ದುಡ್ಡು ಕೊಟ್ಟಿದ್ದೀನಿ, ಉತ್ತರ ಕೊಡಿ ಅನ್ನಿಸಿತು. ಈಗ ಅನ್ನಿಸೋದು, ಇಡೀ ವ್ಯವಸ್ಥೆಯಲ್ಲಿ ಪ್ರಾಮಾಣಿಕ ಮಾತು ಆಡಿದ್ದು ಅವರೊಬ್ಬರೇ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತಂದ, ಜಗತ್ತಿನ ತುಂಬ ಬಳಕೆಯಲ್ಲಿರುವ ಡಿಎಸ್ಎಂ-5 ಕೈಪಿಡಿಯೂ ಅದನ್ನೇ ಹೇಳುತ್ತೆ: ಪಾಠ ಸರಿಯಾಗಿ ಆಗದೇ ಇದ್ದರೆ, ಅಥವಾ ಪಾಠದ ಭಾಷೆ ಮಗುವಿಗೆ ಬಾರದೇ ಇದ್ದರೆ, ಆ ಕಾರಣಕ್ಕೆ ಬಂದ ತೊಂದರೆಯನ್ನ ಕಲಿಕಾ ನ್ಯೂನತೆ ಅನ್ನಬಾರದು. ನಿಯಮ ನ್ಯಾಯವಾಗಿದೆ. ಟೀಚರ್ ಇಲ್ಲದ ಶಾಲೆಯ ತಪ್ಪನ್ನ ಮಗುವಿನ ಮೆದುಳಿನ ಮೇಲೆ ಹೊರಿಸಬಾರದಲ್ಲ?

ಆದರೆ ಅದೇ ನಿಯಮವನ್ನ ವಾಡಿಯಿಂದ ನೋಡಿ. ಒಳ್ಳೆ ಶಾಲೆ ಇದ್ದ ಮಗುವಿಗೆ ಮಾತ್ರ ಡಿಸ್ಲೆಕ್ಸಿಯಾ ಇದೆ ಅಂತ ಖಚಿತವಾಗಿ ಹೇಳಬಹುದು ಅಂತಾಯ್ತು. ಶಾಲೆ ಕೆಟ್ಟಿದ್ದರೆ ಕಾರಣ ಶಾಲೆ ಅಂತ ಬರೆದು ಮುಗಿಸಬಹುದು. ಟೀಚರೂ ಇಲ್ಲ, ತೊಂದರೆಯೂ ಇದೆ ಅನ್ನೋ ಮಗು ಎಲ್ಲಿ ಹೋಗಬೇಕು? ಪರಸಿ ಗಣಿಯ ಹಳ್ಳಿಯಲ್ಲಿ ಮೆದುಳಿನ ತೊಂದರೆ ಇರುವ ಮಕ್ಕಳು ಹುಟ್ಟಲ್ಲ ಅಂತ ಏನಾದರೂ ಇದೆಯಾ?

2025ರ ಎಸ್ಸೆಸ್ಸೆಲ್ಸಿ ಫಲಿತಾಂಶ ನೆನಪಿರಬಹುದು. ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಶೇಕಡಾ 91.12, ರಾಜ್ಯಕ್ಕೇ ಮೊದಲು. ನಮ್ಮ ಕಲಬುರಗಿ ಶೇಕಡಾ 42.43, ಕೊನೆ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಫೇಲು. ಅವರಿಗೆಲ್ಲ ಕಲಿಕಾ ನ್ಯೂನತೆ ಇಲ್ಲ, ಖಂಡಿತ ಇಲ್ಲ. ಆದರೆ ಅಲ್ಲೇ ಇರೋದು ಅಪಾಯ. ಹತ್ತರಲ್ಲಿ ಒಂಬತ್ತು ಮಕ್ಕಳು ಪಾಸಾಗುವ ಊರಲ್ಲಿ ಓದಲಾಗದ ಒಂದು ಮಗು ಎದ್ದು ಕಾಣುತ್ತೆ, ಯಾರಾದರೂ ಯಾಕೆ ಅಂತ ಕೇಳುತ್ತಾರೆ. ಅರ್ಧ ಕ್ಲಾಸೇ ಓದದಿರುವ ಕಡೆ ಆ ಮಗು ಗುಂಪಿನಲ್ಲಿ ಕರಗಿಹೋಗುತ್ತೆ. ನನ್ನ ತಮ್ಮ ಹಾಗೆ ಕರಗಿಹೋದವನು.

ಈಗ ಕಾಯ್ದೆಗೆ ಬರೋಣ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನ ಪಟ್ಟಿಗೆ ಸೇರಿಸಿತು. ಅದರ 16ನೇ ಸೆಕ್ಷನ್ ಓದಿದರೆ ಖುಷಿಯಾಗುತ್ತೆ: ಮಕ್ಕಳಲ್ಲಿ ಈ ನ್ಯೂನತೆಯನ್ನ ಆದಷ್ಟು ಬೇಗ ಪತ್ತೆ ಹಚ್ಚಿ, ತಕ್ಕ ಬೋಧನಾ ಕ್ರಮ ಕೈಗೊಳ್ಳುವುದು ಶಿಕ್ಷಣ ಸಂಸ್ಥೆಗಳ ಕರ್ತವ್ಯ. ಮಗು ಬಂದು ಬೇಡಬೇಕಿಲ್ಲ, ಸಂಸ್ಥೆಯೇ ಹುಡುಕಬೇಕು. ಆದರೆ 2018ರ ಜನವರಿಯಲ್ಲಿ ಬಂದ ಪ್ರಮಾಣಪತ್ರದ ಮಾರ್ಗಸೂಚಿಯನ್ನ ಪಕ್ಕಕ್ಕಿಟ್ಟು ಓದಿ. ಎಂಟು ವರ್ಷ ತುಂಬಿದ ಮೇಲೇ ಪ್ರಮಾಣಪತ್ರ. ಮೊದಲು ಬುದ್ಧಿಮತ್ತೆಯ ಪರೀಕ್ಷೆ, ಅದರಲ್ಲಿ ಐಕ್ಯೂ 85ಕ್ಕಿಂತ ಹೆಚ್ಚು ಬಂದರೆ ಮಾತ್ರ ಮುಂದಿನ ಹಂತಕ್ಕೆ, ಅಂದರೆ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಸರಣಿಗೆ ಪ್ರವೇಶ. ಮತ್ತೆ ಹದಿನಾಲ್ಕಕ್ಕೊಮ್ಮೆ, ಹದಿನೆಂಟಕ್ಕೊಮ್ಮೆ ಪರೀಕ್ಷೆ.

ಐಕ್ಯೂಗೆ ಆ ಮಾರ್ಗಸೂಚಿ ಹೆಸರಿಸಿದ ಪರೀಕ್ಷೆಗಳಲ್ಲೊಂದು ಮಾಲಿನ್ ಅವರದು. ನಾಗಪುರದಲ್ಲಿದ್ದ ಎ.ಜೆ. ಮಾಲಿನ್ ಅಮೆರಿಕದ ವೆಕ್ಸ್ಲರ್ ಪರೀಕ್ಷೆಯನ್ನ ಭಾರತದ ಮಕ್ಕಳಿಗೆ ಒಗ್ಗಿಸಿದ್ದು 1969ರಲ್ಲಿ. ಒಳ್ಳೆಯ ಕೆಲಸವೇ. ಆದರೆ ನಮ್ಮ ಅಪ್ಪಂದಿರು ಚಡ್ಡಿ ಹಾಕಿಕೊಂಡು ಓಡಾಡುವಾಗ ಸಿದ್ಧವಾದ ಅಳತೆಗೋಲು ಅದು. ಅದರಲ್ಲಿ ಸಾಮಾನ್ಯ ಜ್ಞಾನದ ಪ್ರಶ್ನೆಗಳಿವೆ, ಪದಗಳ ಅರ್ಥ ಕೇಳುವ ಭಾಗವಿದೆ. ಇವನ್ನೆಲ್ಲ ಮಗು ಎಲ್ಲಿಂದ ಕಲಿಯುತ್ತೆ? ಓದಿನಿಂದ. ಓದು ಬಾರದ ಮಗುವಿಗೆ ವರ್ಷದಿಂದ ವರ್ಷಕ್ಕೆ ಪದಗಳು ಕಮ್ಮಿ ಸಿಗುತ್ತವೆ, ವಿಷಯ ಕಮ್ಮಿ ತಿಳಿಯುತ್ತೆ, ಐಕ್ಯೂ ಅಂಕಿ ಇಳಿಯುತ್ತೆ. ಇಳಿದ ಅಂಕಿ ನೋಡಿ "ಇವನದು ಕಲಿಕಾ ನ್ಯೂನತೆ ಅಲ್ಲ" ಅಂತ ಬಾಗಿಲು ಹಾಕುತ್ತಾರೆ. ಯಾವ ರೋಗಕ್ಕೆ ಔಷಧಿ ಕೇಳೋಕೆ ಬಂದನೋ ಅದೇ ರೋಗ ಅವನನ್ನ ಬಾಗಿಲಲ್ಲೇ ತಡೆಯಿತು.

ನಿಮ್ಹಾನ್ಸ್ ಸರಣಿ 90ರ ದಶಕದ ಆರಂಭದ್ದು. ಆಗ ನಮ್ಮಲ್ಲಿ ಬೇರೇನೂ ಇರಲಿಲ್ಲ, ಅದನ್ನ ಕಟ್ಟಿದವರಿಗೆ ಕೈ ಮುಗಿಯಬೇಕು. ಆದರೆ ಅದರ ಓದಿನ ಭಾಗ ಹುಟ್ಟಿದ್ದು ಇಂಗ್ಲಿಷಿನಲ್ಲಿ ಕಲಿಯುವ ಮಕ್ಕಳಿಗಾಗಿ. ಇಂಗ್ಲಿಷ್ ಮತ್ತು ಕನ್ನಡ ಓದುವಾಗ ಎಡವುವ ಜಾಗ ಬೇರೆ ಬೇರೆ. ಇಂಗ್ಲಿಷಿನಲ್ಲಿ 26 ಅಕ್ಷರ ಬೇಗ ಕಲಿತುಬಿಡುತ್ತೀರಿ, ಆಮೇಲೆ ಜೀವನಪೂರ್ತಿ ಸ್ಪೆಲ್ಲಿಂಗಿನ ಜೊತೆ ಗುದ್ದಾಟ. ಕನ್ನಡದಲ್ಲಿ ಸ್ಪೆಲ್ಲಿಂಗಿನ ಕಾಟ ಕಮ್ಮಿ, ಆದರೆ ಅಕ್ಷರಗಳೇ ಮುಗಿಯುವುದಿಲ್ಲ. 34 ವ್ಯಂಜನ, ಪ್ರತಿಯೊಂದಕ್ಕೂ ಕಾಗುಣಿತದ ಬಳ್ಳಿ, ಅದರ ಕೆಳಗೆ ಒತ್ತು. ಬೆಂಗಳೂರಿನಲ್ಲಿ ಕೆಲಸ ಮಾಡಿದ ಸೋನಾಲಿ ನಾಗ್ ಕನ್ನಡ ಓದುವ ಮಕ್ಕಳ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನೇ ತೋರಿಸಿದ್ದಾರೆ: ನಮ್ಮ ಮಕ್ಕಳ ಅಕ್ಷರ ಕಲಿಕೆ ಮೂರು-ನಾಲ್ಕನೇ ಕ್ಲಾಸಿನವರೆಗೂ ನಡೆಯುತ್ತಲೇ ಇರುತ್ತೆ. ಹಾಗಾದರೆ ಎಂಟು ವರ್ಷದ ಕನ್ನಡದ ಮಗು ಒತ್ತಕ್ಷರದಲ್ಲಿ ಎಡವಿದರೆ ಅದು ತಡವಾ, ತೊಂದರೆಯಾ? ಇಂಗ್ಲಿಷಿನ ಗಡಿಯಾರ ಇಟ್ಟುಕೊಂಡು ಹೇಳೋಕಾಗಲ್ಲ. ನಮ್ಮಂತೆ ಬರೆದ ಹಾಗೆ ಓದುವ ಭಾಷೆಗಳಲ್ಲಿ ಡಿಸ್ಲೆಕ್ಸಿಯಾ ಇರುವವರು ದೊಡ್ಡವರಾದ ಮೇಲೆ ಹೆಚ್ಚು ತಪ್ಪು ಓದುವುದಿಲ್ಲ, ನಿಧಾನವಾಗಿ ಓದುತ್ತಾರೆ. ಬರೀ ತಪ್ಪು ಎಣಿಸುವ ಹಾಳೆಗೆ ಅವರು ಸಿಗೋದೇ ಇಲ್ಲ.

ಹಾಗಂತ ಕನ್ನಡಕ್ಕೆ ಪರೀಕ್ಷೆಗಳೇ ಇಲ್ಲ ಅಂದುಕೊಳ್ಳಬೇಡಿ. ಬುದ್ಧಿ ಅಳೆಯುವ ಕಥೆ ಶುರುವಾದದ್ದೇ ಶಾಲೆಯಿಂದ. 1905ರಲ್ಲಿ ಪ್ಯಾರಿಸ್‌ನಲ್ಲಿ ಆಲ್ಫ್ರೆಡ್ ಬಿನೆ ಮೊದಲ ಪರೀಕ್ಷೆ ಮಾಡಿದ್ದು ಯಾವ ಮಕ್ಕಳಿಗೆ ಹೆಚ್ಚಿನ ಸಹಾಯ ಬೇಕು ಅಂತ ತಿಳಿಯೋಕೆ, ಯಾರು ದಡ್ಡ ಅಂತ ಹಣೆಗೆ ಬರೆಯೋಕಲ್ಲ. ಅದಾಗಿ ಮೂರು ದಶಕದೊಳಗೆ, 1930ರ ದಶಕದಲ್ಲೇ, ವಿ.ವಿ. ಕಾಮತ್ ಧಾರವಾಡದ ಮಕ್ಕಳ ಮೇಲೆ ಪ್ರಯೋಗ ಮಾಡಿ ಅದನ್ನ ಕನ್ನಡ-ಮರಾಠಿಗೆ ಒಗ್ಗಿಸಿದರು. 'ಬಿನೆ-ಕಾಮತ್' ಅಂತ ಇವತ್ತಿಗೂ ಕ್ಲಿನಿಕ್ಕುಗಳಲ್ಲಿ ಅದರ ಹೆಸರು ಓಡಾಡುತ್ತೆ. 2015ರಲ್ಲಿ ಮಾನೇಸರ್‌ನ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರದವರು 'ಡಾಲಿ' ಅಂತ ಒಂದು ಪರೀಕ್ಷೆ ತಂದರು, ಹಿಂದಿ, ಮರಾಠಿ, ಇಂಗ್ಲಿಷ್ ಜೊತೆ ಕನ್ನಡದಲ್ಲೂ ಇದೆ. ಅದರಲ್ಲಿ ಶಾಲೆಯ ಶಿಕ್ಷಕರೇ ಒಂದರಿಂದ ಐದನೇ ತರಗತಿಯ ಮಕ್ಕಳನ್ನ ಮೊದಲ ಸುತ್ತಿಗೆ ಗಮನಿಸುವ ಭಾಗವೂ ಇದೆ. ನಮ್ಮ ಹುಡುಗನ ಟೀಚರಮ್ಮನನ್ನ ಕೇಳಿದೆ. "ಡಾಲಿ ಅಂದ್ರ ಗೊಂಬಿ ಏನ್ರಿ?" ಅಂದರು. ಅವರನ್ನ ನೋಡಿ ನಗಬೇಡಿ. ಜನಗಣತಿಗೆ, ಚುನಾವಣೆಗೆ, ಮೊಟ್ಟೆ ಲೆಕ್ಕಕ್ಕೆ ಅವರನ್ನ ಹುಡುಕಿಕೊಂಡು ಹೋಗುವ ಕಾಗದ, ಇದೊಂದಕ್ಕೆ ಹೋಗಿಲ್ಲ.

ಹಾಗಾದರೆ ಪರೀಕ್ಷೆ ಬೇಡವಾ? ಈ ಪ್ರಶ್ನೆಗೆ ನನ್ನಂಥವರು ಬೆಂಗಳೂರಿನಲ್ಲಿ ಕೂತು 'ಬೇಡ, ಮಕ್ಕಳಿಗೆ ಹಣೆಪಟ್ಟಿ ಯಾಕೆ' ಅನ್ನೋದು ಸುಲಭ. ನನ್ನ ತಮ್ಮನಿಗೆ ಯಾವ ಪರೀಕ್ಷೆಯೂ ಆಗಲಿಲ್ಲ. ಹಣೆಪಟ್ಟಿ ತಪ್ಪಿತಾ? 'ಕ್ವಾಣ' ಅನ್ನೋದು ಹಣೆಪಟ್ಟಿ ಅಲ್ಲವಾ? ಪರೀಕ್ಷೆ ಇಲ್ಲದ ಊರಲ್ಲಿ ಹಣೆಪಟ್ಟಿ ಪುಕ್ಕಟೆ ಸಿಗುತ್ತೆ, ಅದಕ್ಕೆ ಐಕ್ಯೂ 85 ಆಗಬೇಕು ಅಂತಿಲ್ಲ, ಹದಿನಾಲ್ಕಕ್ಕೆ, ಹದಿನೆಂಟಕ್ಕೆ ನವೀಕರಿಸಬೇಕು ಅಂತಲೂ ಇಲ್ಲ.

ಪರೀಕ್ಷೆ ಬೇಕು. ಆದರೆ ಅದರ ಸರದಿ ತಿರುವುಮುರುವಾಗಿದೆ. ಈಗಿರುವುದು: ಅಳೆ, ಸರ್ಟಿಫಿಕೇಟ್ ಕೊಡು, ಆಮೇಲೆ ಸಹಾಯ ಮಾಡು. ನಮ್ಮ ಕಡೆಯ ಶಾಲೆಗಳಿಗೆ ಬೇಕಿರುವುದು: ಮೊದಲು ಕಲಿಸು, ಆಮೇಲೆ ಅಳೆ. ಆರೆಂಟು ತಿಂಗಳು ದಿನಾ ಅರ್ಧ ಗಂಟೆ ಅಕ್ಷರವನ್ನ ಕ್ರಮವಾಗಿ ಕಲಿಸಿದರೆ, ಬರೀ ಪಾಠ ಸಿಗದೇ ಹಿಂದುಳಿದ ಮಕ್ಕಳು ಮುಂದೆ ಹೋಗುತ್ತಾರೆ. ಅಷ್ಟಾದರೂ ಅಲ್ಲೇ ನಿಂತ ಮಗುವಿನ ತೊಂದರೆ ಆಗ ಕಾಣುತ್ತೆ. ಮೇಡಂ ಹಾಳೆಯ ಮೇಲೆ ಕಾಣದ ವ್ಯತ್ಯಾಸ ಈ ಎಂಟು ತಿಂಗಳಲ್ಲಿ ಕಾಣುತ್ತೆ. ಇದು ನನ್ನ ಹೊಸ ಶೋಧವೇನಲ್ಲ, ಹೊರದೇಶಗಳ ಎಷ್ಟೋ ಶಾಲೆಗಳಲ್ಲಿ ಈ ಕ್ರಮ ನಡೆದಿದೆ. ಜೊತೆಗೆ ಹಾಳೆ ತಿದ್ದುವವರ ಕೈಯಲ್ಲಿ 'ಮನಿ', 'ಆನಿ', 'ಗ್ವಾಡಿ' ತಪ್ಪಲ್ಲ ಅಂತ ಹೇಳುವ ಒಂದು ಪಟ್ಟಿ ಇರಬೇಕು. ಅಳತೆಗೋಲು ಮಾಡುವಾಗ ಸೇಡಂ, ಚಿತ್ತಾಪುರ, ಚಿಂಚೋಳಿಯ ಮಕ್ಕಳನ್ನೂ ಕೂರಿಸಿಕೊಂಡು ಮಾಡಬೇಕು.

ಚಿತ್ರದ ಬಗ್ಗೆ ಇನ್ನೊಂದು ತಕರಾರು ಉಳಿದಿದೆ. ಕೊನೆಯಲ್ಲಿ ಇಶಾನ್ ಚಿತ್ರಕಲಾ ಸ್ಪರ್ಧೆ ಗೆಲ್ಲುತ್ತಾನೆ. ಐನ್‌ಸ್ಟೀನ್, ಎಡಿಸನ್ ಹೆಸರೂ ಬಂದುಹೋಗುತ್ತೆ. ಓದು ಬಾರದವನಿಗೆ ಒಂದು ಪ್ರತಿಭೆ ಇದ್ದೇ ಇರುತ್ತೆ ಅಂತ ನಮಗೆ ಸಮಾಧಾನ. ಪ್ರತಿಭೆ ಇಲ್ಲದಿದ್ದರೆ? ಸಾಧಾರಣ ಹುಡುಗನಿಗೆ ಓದುವ ಹಕ್ಕಿಲ್ಲವಾ?

ಈ ಸಮಾಧಾನದ ಚಟ ನಮ್ಮ ಕಡೆ ಹಳೆಯದು. ವಾಡಿಯಿಂದ ಸಿಕಂದರಾಬಾದ್ ಕಡೆಯ ಪ್ಯಾಸೆಂಜರ್ ಹತ್ತಿದರೆ ಚಿತ್ತಾಪುರ ದಾಟಿ ಮಳಖೇಡ ಬರುತ್ತೆ, ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೇ ಶತಮಾನದಲ್ಲಿ ಅಲ್ಲಿನ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ', ಕನ್ನಡದ ಜನ ಕೂತು ಓದದೆಯೂ ಕಾವ್ಯ ಬಲ್ಲವರು ಅಂತ ಹೊಗಳಿತು. ಆ ಮಾತನ್ನ ಭಾಷಣಗಳಲ್ಲಿ ಕೇಳಿ ಕೇಳಿ ನಮಗೆಲ್ಲ ಬಾಯಿಪಾಠ. ಅದು ಹೆಮ್ಮೆಯ ಮಾತೇ. ಆದರೆ ಅದೇ ಮಳಖೇಡ ಇರುವ ಜಿಲ್ಲೆ 2025ರಲ್ಲಿ ಹತ್ತನೇ ಕ್ಲಾಸಿನಲ್ಲಿ ಕೊನೆಯ ಸ್ಥಾನದಲ್ಲಿತ್ತು. ಓದದವರನ್ನ ಹೊಗಳಿ ಕೈತೊಳೆದುಕೊಳ್ಳೋದು ಸಾಕು. ನನ್ನ ತಮ್ಮ ಸುಟ್ಟ ಮೋಟರಿನ ವಾಸನೆ ನೋಡಿ ಯಾವ ಕಾಯಿಲ್ ಹೋಗಿದೆ ಅಂತ ಹೇಳುತ್ತಾನೆ. ಹೌದು, ಪ್ರತಿಭೆಯೇ. ಬ್ಯಾಂಕಿಗೆ ಹೋದಾಗ ಮಾತ್ರ "ಚಷ್ಮಾ ಮನ್ಯಾಗ ಬಿಟ್ ಬಂದೀನ್ರಿ" ಅಂತ ಪಕ್ಕದವರ ಕೈಗೆ ಫಾರ್ಮ್ ಕೊಡುತ್ತಾನೆ. ಅವನಿಗೆ ಚಷ್ಮಾನೇ ಇಲ್ಲ.

ಆ ಜನವರಿಯ ನಂತರ ನಾನು, ಅಕ್ಕ ಸೇರಿ ಒಂದು ಕೆಲಸ ಮಾಡಿದೆವು. ರಾತ್ರಿ ಒಂಬತ್ತಕ್ಕೆ ಅರ್ಧ ಗಂಟೆ ವಿಡಿಯೋ ಕಾಲ್. ಮೇಡಂ ಕೊಟ್ಟ ಕ್ರಮದಲ್ಲೇ, ಒಂದು ವಾರಕ್ಕೆ ಒಂದೇ ಬಗೆಯ ಒತ್ತು. ಅಕ್ಕ ಮನೆಯ ಪರಸಿ ನೆಲದ ಮೇಲೆ ಬಳಪದಲ್ಲಿ ದೊಡ್ಡದಾಗಿ ಬರೀತಾಳೆ, ಹುಡುಗ ಅದರ ಮೇಲೆ ಬೆರಳಾಡಿಸಿ ಸದ್ದು ಬಿಡಿಸಿ ಹೇಳ್ತಾನೆ, ಆಮೇಲೆ ಒರೆಸಿ ತಾನೇ ಬರೀತಾನೆ. ಎಷ್ಟೋ ರಾತ್ರಿ ನನಗೆ ಮೀಟಿಂಗ್ ಇತ್ತು, ಎಷ್ಟೋ ರಾತ್ರಿ ಅಲ್ಲಿ ಕರೆಂಟ್ ಇರಲಿಲ್ಲ. ಆದರೂ ನಡೀತು. ಎಂಟು ತಿಂಗಳಲ್ಲಿ 'ಹಬ್ಬ', 'ಎತ್ತು', 'ಮಕ್ಕಳು' ಸರಿಹೋದವು. 'ಚಂದ್ರ', 'ರಸ್ತೆ'ಯಂಥವು ಇವತ್ತಿಗೂ ತಡವರಿಸುತ್ತವೆ, ಓದು ತೀರಾ ನಿಧಾನ. ಈ ವರ್ಷ ಬೇಸಿಗೆ ರಜೆಯಲ್ಲಿ ಮತ್ತೆ ಮೇಡಂ ಹತ್ತಿರ ಕರೆದೊಯ್ದೆ. ಹಳೇ ಹಾಳೆ, ಹೊಸ ಹಾಳೆ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ ಅವರು, "ಈಗ ಹೇಳಬಹುದು" ಅಂದರು. ಕಲಿಕಾ ನ್ಯೂನತೆ ಇದೆ. ಅಕ್ಕ ಅತ್ತಳು. ನನಗೆ ನಿರಾಳವಾಯ್ತು. ಸರ್ಕಾರಿ ಪ್ರಮಾಣಪತ್ರಕ್ಕೆ ಇನ್ನೂ ಓಡಾಡಬೇಕು, ಹತ್ತನೇ ಕ್ಲಾಸಿನಲ್ಲಿ ಹೆಚ್ಚುವರಿ ಸಮಯ ಸಿಗಬೇಕಾದರೆ ಅದು ಬೇಕೇ ಬೇಕು. ಆ ಓಡಾಟದ ಕಥೆ ಮುಂದೆ ಯಾವಾಗಲಾದರೂ ಬರೀತೀನಿ.

ಈ ಬರಹ ಮುಗಿಸೋ ಹೊತ್ತಿಗೆ ತಮ್ಮನ ವಾಯ್ಸ್ ಮೆಸೇಜ್ ಬಂತು. ಅವನು ಕಳಿಸೋದು ಯಾವಾಗಲೂ ವಾಯ್ಸೇ. "ಅಣ್ಣಾ, ರಾತ್ರಿ ಪಾಠ ಮಾಡ್ತೀರಲ್ಲ, ನಾ ಅಡಗಿ ಮನ್ಯಾಗ ಕುಂತು ಕೇಳ್ತೀನಿ. ದೀರ್ಘದ ಮಟ ತಿಳೀತದ. ಒತ್ತಿನ ಪಾಠ ಭಾಳ ಜಲ್ದಿ ಹೋಗ್ತದ. ಜರಾ ಸಾವಕಾಶ ಮಾಡು."

ಇವತ್ತಿನಿಂದ ಸಾವಕಾಶ ಮಾಡ್ತಿದ್ದೀವಿ.